ಸರಕಿನ ಮುದ್ರೆಗಳೂ ಗೂಢಾರ್ಥದ ವದಂತಿಗಳೂ

ಸರಕಿನ ಹೊದಿಕೆಯ ಮೇಲಣ ಚಿಹ್ನೆಗಳಲ್ಲಿ ಗುಪ್ತವಾದ ಅರ್ಥವೊಂದು ಅಡಗಿದೆಯೆಂಬ ನಂಬಿಕೆಯು ಇಂದು ವಿದ್ಯಾವಂತರಲ್ಲಿಯೂ ಕಂಡುಬರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪೇಟೆಯಲ್ಲಿ ದೊರೆಯುವ ಹಲ್ಲುಜ್ಜುವ ಪೇಸ್ಟನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದರ ಕೊಳವೆಯ ತುದಿಯಲ್ಲಿರುವ ಸಣ್ಣ ಪಟ್ಟಿಯು ಹಸಿರಾಗಿದ್ದರೆ ಒಳಗಿನ ವಸ್ತು ನೈಸರ್ಗಿಕವೆಂದೂ ಕಪ್ಪಾಗಿದ್ದರೆ ಕೇವಲ ರಾಸಾಯನಿಕವೆಂದೂ ಹೇಳಲಾಗುತ್ತದೆ. ವಾಸ್ತವವಾಗಿ ಆ ಪಟ್ಟಿಯು ಯಂತ್ರಕ್ಕಾಗಿ ಅಚ್ಚಾದುದು. ಕೊಳವೆಯನ್ನು ಎಲ್ಲಿ ಕತ್ತರಿಸಿ ಎಲ್ಲಿ ಮುಚ್ಚಬೇಕೆಂಬುದನ್ನು ಬೆಳಕಿನ ಸಂವೇದಕವು ಅದರಿಂದ ಗುರುತಿಸುತ್ತದೆ. ಹಿನ್ನೆಲೆಯಿಂದ ಸ್ಪಷ್ಟವಾಗಿ ಬೇರೆಯಾಗಿ ತೋರುವ ಯಾವ ಬಣ್ಣವಾದರೂ ಆ ಕಾರ್ಯಕ್ಕೆ ಸಾಕು.

ಆದರೆ ಈ ಭ್ರಮೆಯು ನಿರಾಧಾರವಾಗಿ ಹುಟ್ಟಿತೆನ್ನಲಾಗದು. ಅದೇ ಅಂಗಡಿಯ ಆಹಾರದ ಪೊಟ್ಟಣಗಳ ಮೇಲೆ ಚೌಕದೊಳಗಿರುವ ಹಸಿರು ಚುಕ್ಕೆಗೆ ಸಸ್ಯಾಹಾರವೆಂಬ ಕಾಯಿದೆಬದ್ಧ ಅರ್ಥವಿದೆ. ಒಂದು ಹಸಿರಿಗೆ ಅರ್ಥವಿರುವಲ್ಲಿ ಇನ್ನೊಂದಕ್ಕೂ ಇರಬೇಕೆಂದು ಊಹಿಸುವುದು ಸುಲಭ.

ಚಿಹ್ನೆಯಿಂದ ಸರಕನ್ನು ಅರಿಯುವ ರೂಢಿ ಹಳೆಯದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮ್ಯಾಂಚೆಸ್ಟರಿನ ವರ್ತಕರು ದೇವತೆಗಳ, ಪ್ರಾಣಿಗಳ ಚಿತ್ರವಿದ್ದ ಚೀಟಿಗಳನ್ನು ಬಟ್ಟೆಗೆ ಅಂಟಿಸಿ ಭಾರತಕ್ಕೆ ಕಳುಹಿಸುತ್ತಿದ್ದರು. ಓದುಬರಹವಿಲ್ಲದ ಗ್ರಾಹಕನು ಛಾಪು ನೋಡಿ ಕೊಳ್ಳುತ್ತಿದ್ದನು. ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯ ಕಂಪನಿಯು 1885ರಲ್ಲಿ ಸ್ಥಾಪಿತವಾದುದೂ ಈ ಕಾಲದಲ್ಲಿಯೇ. ಥಾನಿನ ಮೇಲೆ ಉದ್ದಳತೆಯನ್ನು ಮುದ್ರಿಸಬೇಕೆಂದು 1889ರ ಕಾಯಿದೆಯು ವಿಧಿಸಿತು. ಚಿತ್ರವು ವರ್ತಕನನ್ನು ಸೂಚಿಸಿತು, ಅಂಕೆಯು ಅಳತೆಯನ್ನು ಹೇಳಿತು; ಎರಡರ ಪ್ರಯೋಜನಗಳೂ ಬೇರೆ ಬೇರೆ.

ಈ ಭೇದವನ್ನು ಮರೆತಾಗ ಆಗುವ ಹಾನಿಗೆ ಅಮೆರಿಕೆಯ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಚರಿತ್ರೆ ಸಾಕ್ಷಿ. ಅದರ ಮುದ್ರೆಯಲ್ಲಿ ಚಂದ್ರನೂ 13 ನಕ್ಷತ್ರಗಳೂ ಇದ್ದುವು. ನಕ್ಷತ್ರಗಳು ಅಮೆರಿಕೆಯ ಮೊದಲ 13 ವಸಾಹತುಗಳ ಸೂಚಕ. ಅದು ಸೈತಾನನ ಗುರುತೆಂಬ ವದಂತಿ ಹಬ್ಬಲು, 1985ರಲ್ಲಿ ಕಂಪನಿಯು ಪೊಟ್ಟಣಗಳಿಂದ ಮುದ್ರೆಯನ್ನು ತೆಗೆಯಲು ನಿರ್ಧರಿಸಿತು. ವದಂತಿಯನ್ನು ಹರಡಿದ ಪ್ರತಿಸ್ಪರ್ಧಿ ಸಂಸ್ಥೆಯ ಮಾಜಿ ವಿತರಕರ ವಿರುದ್ಧ 2007ರಲ್ಲಿ 1.925 ಕೋಟಿ ಡಾಲರುಗಳ ಪರಿಹಾರದ ತೀರ್ಪು ಬಂದಿತು.

ನಮ್ಮ ದಾನಶಾಸನಗಳ ನೆತ್ತಿಯಲ್ಲಿಯೂ ಸೂರ್ಯಚಂದ್ರರಿದ್ದಾರೆ. ಸೂರ್ಯಚಂದ್ರರಿರುವವರೆಗೆ ದಾನವು ನಡೆಯಲೆಂಬ ಅವುಗಳ ಅರ್ಥವನ್ನು ನಾವು ಊಹಿಸಿಲ್ಲ. ‘ಆಚಂದ್ರಾರ್ಕ’ವೆಂದು ಶಾಸನಪಾಠವೇ ಹೇಳುತ್ತದೆ. ಮುದ್ರೆಯನ್ನು ಯಾರು, ಯಾರಿಗಾಗಿ, ಯಾವ ಪ್ರಯೋಜನಕ್ಕೆ ಒತ್ತಿದರೆಂದು ಕೇಳುವುದೇ ಇತಿಹಾಸದ ಕ್ರಮ. ಪೇಸ್ಟಿನ ಪಟ್ಟಿಯನ್ನು ನಂಬಿದವನು, ಅದೇ ಹೊದಿಕೆಯ ಮೇಲೆ ಅಚ್ಚಾದ ಘಟಕಗಳ ವಿವರವನ್ನು ಓದದೆ ಬಿಡುತ್ತಾನೆ. ತಿಳಿಯಬೇಕಾದುದು ಅಲ್ಲಿ ಬಹಿರಂಗವಾಗಿಯೇ ಇದೆ.