ಪಿಯಾಜೆ, ವೈಗಾಟ್‌ಸ್ಕಿ ಮತ್ತು ಮನೆಯಲ್ಲಿ ತೆಲುಗು ಮಾತಾಡುವ ಮಗು: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ಕಲಿಕೆಯ ಸಿದ್ಧಾಂತಗಳು

ಟಿಇಟಿಗೆ ಓದಿದವರಿಗೆ ಪಾವ್ಲೊವ್, ಸ್ಕಿನ್ನರ್, ಪಿಯಾಜೆ, ವೈಗಾಟ್‌ಸ್ಕಿ ಹೊಸ ಹೆಸರುಗಳಲ್ಲ. ಶಿಶು ವಿಕಾಸದ ವಿಭಾಗಕ್ಕೆ 30 ಅಂಕ. ಯಾರದ್ದು ನಾಯಿ, ಯಾರದ್ದು ಇಲಿ, ಯಾರದ್ದು ನಾಲ್ಕು ಹಂತ ಅಂತ ಬಾಯಿಪಾಠ ಮಾಡಿ, ಒಎಂಆರ್ ಶೀಟಿನಲ್ಲಿ ಗೋಲಿ ತುಂಬಿ ಮರೆತುಬಿಡೋದು ರೂಢಿ. ಆದರೆ ಇದೇ ಸಿದ್ಧಾಂತಗಳನ್ನು ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕಿನ ಒಂದನೇ ತರಗತಿಗೆ ಒಯ್ದರೆ ಅವು ರಾಜಕೀಯ ಪ್ರಶ್ನೆ ಕೇಳತೊಡಗುತ್ತವೆ. ಮಗು ಕಲಿಯದಿದ್ದರೆ ಹೊಣೆ ಯಾರದ್ದು?

ಚಿತ್ರದುರ್ಗ ಜಿಲ್ಲೆಯ ಈ ಅಂಚು ಆಂಧ್ರದ ಅನಂತಪುರಕ್ಕೆ ತಾಗಿಕೊಂಡಿದೆ. ಮಳೆ ಕಡಿಮೆ, ಶೇಂಗಾ ಮುಖ್ಯ ಬೆಳೆ, ಮೊಳಕಾಲ್ಮುರಿನಲ್ಲಿ ರೇಷ್ಮೆ ಮಗ್ಗ. ಕುದಾಪುರದ ಬಳಿ ಅಮೃತಮಹಲ್ ಕಾವಲಿನ ನೆಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ. ಸುತ್ತ ಮ್ಯಾಸ ನಾಯಕರ ಹಟ್ಟಿಗಳು, ಗೊಲ್ಲರ ಹಟ್ಟಿಗಳು. ಗಡಿ ಭಾಗದ ಎಷ್ಟೋ ಮನೆಗಳ ಒಳಗಿನ ಮಾತು ತೆಲುಗು, ಶಾಲೆಯದ್ದು ಕನ್ನಡ.

ವರ್ತನಾವಾದದಿಂದ ಶುರು ಮಾಡೋಣ, ಅದು ಬೇಗ ಮುಗಿಯುತ್ತೆ. ಪಾವ್ಲೊವ್‌ನ ನಾಯಿ ಗಂಟೆಗೆ ಜೊಲ್ಲು ಸುರಿಸಿತು. ಸ್ಕಿನ್ನರ್‌ನ ಇಲಿ ಕಾಳಿಗಾಗಿ ಸನ್ನೆ ಒತ್ತಿತು. ಬಹುಮಾನ ಸಿಕ್ಕ ವರ್ತನೆ ಉಳಿಯುತ್ತದೆ ಅನ್ನೋದು ಸಾರ. ಮಗ್ಗಿ ಕಲಿಸಲು ಇದು ಸಾಕು. ನಮ್ಮ ಶಾಲೆಗಳು ಇದರಿಂದ ಎತ್ತಿಕೊಂಡದ್ದು ಹೆಚ್ಚಾಗಿ ಬೆತ್ತವನ್ನ. ಅದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಸ್ಕಿನ್ನರ್ ಕೂಡ ಶಿಕ್ಷೆಯನ್ನು ಒಪ್ಪಿರಲಿಲ್ಲ ಅನ್ನೋದನ್ನ ಗೈಡುಗಳು ಬಿಟ್ಟುಬಿಡುತ್ತವೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಹೇಳಿದ್ದು ಬೇರೆ: ಮಗು ಖಾಲಿ ಪಾತ್ರೆ ಅಲ್ಲ, ವಸ್ತುಗಳ ಜೊತೆ ಒಡನಾಡುತ್ತಾ ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ದೊಡ್ಡ ಮಾತು. ತೊಂದರೆ ಬಂದದ್ದು ಅವನ ಹಂತಗಳನ್ನು ವಯಸ್ಸಿನ ಪಟ್ಟಿ ಮಾಡಿಕೊಂಡಾಗ, ‘ಈ ಮಗು ಇನ್ನೂ ಆ ಹಂತಕ್ಕೆ ಬಂದಿಲ್ಲ’ ಅಂತ ಷರಾ ಬರೆಯಲು ಶುರುವಾದಾಗ. ಮಾರ್ಗರೆಟ್ ಡೊನಾಲ್ಡ್‌ಸನ್ 1978ರಲ್ಲಿ ತೋರಿಸಿದರು: ಪ್ರಶ್ನೆ ಮಗುವಿಗೆ ಅರ್ಥವಾಗುವ ಸಂದರ್ಭದಲ್ಲಿದ್ದರೆ, ಪಿಯಾಜೆಯ ಪಟ್ಟಿ ‘ಆಗಲ್ಲ’ ಎಂದ ವಯಸ್ಸಿನಲ್ಲೇ ಎಷ್ಟೋ ಮಕ್ಕಳು ಉತ್ತರಿಸುತ್ತಾರೆ. 1985ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನ ಇನ್ನೂ ಖಾರವಾಗಿದೆ. ರೆಸಿಫೆ ನಗರದ ಬೀದಿಯಲ್ಲಿ ತೆಂಗಿನಕಾಯಿ ಮಾರುವಂಥ ಐವರು ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಶೇ 98ರಷ್ಟು ಸರಿ. ಅದೇ ಲೆಕ್ಕವನ್ನು ಶಾಲೆಯ ರೀತಿ ಬರೆದುಕೊಟ್ಟಾಗ ಶೇ 37. ಕುರಿ ಎಣಿಸುವ, ಸಂತೆಯಲ್ಲಿ ಶೇಂಗಾ ತೂಕ ಹಾಕುವ ಮನೆಯ ಮಗುವನ್ನು ‘ಗಣಿತದಲ್ಲಿ ವೀಕ್’ ಅನ್ನುವ ಮುಂಚೆ ಈ ಎರಡು ಅಂಕಿ ನೆನಪಿಡಬೇಕು.

ಇನ್ನು ವೈಗಾಟ್‌ಸ್ಕಿ. ಸೋವಿಯತ್ ನಾಡಿನ ಈತ 1934ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 37. ಅವನ ಪ್ರಕಾರ ಕಲಿಕೆ ಮೊದಲು ಜನರ ನಡುವೆ ನಡೆಯುತ್ತದೆ, ಆಮೇಲೆ ಮಗುವಿನ ಒಳಗೆ. ಒಬ್ಬನೇ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗವೇ ಕಲಿಸಬೇಕಾದ ಜಾಗ. ನೀವು ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಇದನ್ನು ನೋಡಿರಬಹುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ–ಕಲಿಯಲ್ಲಿ ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ. ಮೊದಲು ಶಿಕ್ಷಕರ ಪೂರ್ಣ ನೆರವು, ಆಮೇಲೆ ಭಾಗಶಃ, ನಂತರ ಸಹಪಾಠಿಗಳದ್ದು, ಕೊನೆಗೆ ಸ್ವಂತ ಕಲಿಕೆ. ವೈಗಾಟ್‌ಸ್ಕಿಯನ್ನ ಚಾಪೆ ಮೇಲೆ ಕೂರಿಸಿದ ಹಾಗೆ!

ಆದರೆ ಅವನ ಸಿದ್ಧಾಂತದ ಹೃದಯ ಭಾಷೆ. ಯೋಚಿಸೋಕೆ ಮಗುವಿನ ಕೈಲಿರುವ ಸಲಕರಣೆ ಅದು. ಮನೆಯಲ್ಲಿ ತೆಲುಗು ಆಡಿ ಬಂದ ಆರು ವರ್ಷದ ಮಗುವಿನ ಸಲಕರಣೆಯನ್ನು ಶಾಲೆ ಬಾಗಿಲಲ್ಲೇ ಕಿತ್ತಿಟ್ಟುಕೊಂಡರೆ ನೆರವಿನ ಮಾತಿಗೆ ಅರ್ಥ ಉಳಿಯಲ್ಲ. ಕೆನಡಾದ ಜಿಮ್ ಕಮಿನ್ಸ್ ಇನ್ನೊಂದು ಎಚ್ಚರಿಕೆ ಕೊಟ್ಟಿದ್ದಾರೆ. ಆಟದ ಬಯಲಿನ ಎರಡನೇ ಭಾಷೆ ಒಂದೆರಡು ವರ್ಷದಲ್ಲಿ ಬರುತ್ತೆ, ಪಾಠದ ಭಾಷೆಗೆ ಐದಾರು ವರ್ಷವಾದರೂ ಬೇಕು. ‘ಕನ್ನಡ ಚೆನ್ನಾಗೇ ಮಾತಾಡ್ತಾನೆ, ಪಾಠ ಮಾತ್ರ ತಲೆಗೆ ಹೋಗಲ್ಲ’ ಅನ್ನೋ ದೂರಿಗೆ ಉತ್ತರ ಇಲ್ಲಿದೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಸೌಲಭ್ಯ ಕೊಡಿ ಅನ್ನುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯೂ ಅದನ್ನೇ ಹೇಳುತ್ತದೆ, ‘ಸಾಧ್ಯವಾದಷ್ಟು’ ಅನ್ನೋ ನುಣುಚು ಪದ ಸೇರಿಸಿ. ಕಾಸರಗೋಡಿನ ಕನ್ನಡ ಮಕ್ಕಳ ಪರ ದನಿ ಎತ್ತುವ ನಾವು ಮೊಳಕಾಲ್ಮುರಿನ ತೆಲುಗು ಮಗುವಿನ ವಿಷಯದಲ್ಲಿ ಸುಮ್ಮನಾಗೋದು ಸರಿಯಲ್ಲ. ಇದಕ್ಕೆ ಕನ್ನಡ ಬಿಡಬೇಕಿಲ್ಲ. ಮೊದಲ ಎರಡು ವರ್ಷ ತೆಲುಗಿನಲ್ಲಿ ಉತ್ತರಿಸಲು ಬಿಡುವ, ಎರಡೂ ನುಡಿ ಬಲ್ಲ ಶಿಕ್ಷಕರಿದ್ದರೆ ಕನ್ನಡವೇ ಗಟ್ಟಿಯಾಗುತ್ತದೆ. 2019ರಿಂದ ಸರ್ಕಾರಿ ಶಾಲೆಗಳಲ್ಲಿ ತೆರೆಯುತ್ತಿರುವ ಇಂಗ್ಲಿಷ್ ಮಾಧ್ಯಮ ವಿಭಾಗಗಳಿಗೆ ಸೇರಿದರೆ ಇದೇ ಮಗು ಎರಡು ಹೊಳೆ ದಾಟಬೇಕು.

ಪಠ್ಯಪುಸ್ತಕಗಳು ಹೆಚ್ಚು ಮುಟ್ಟದ ಸಂಗತಿ ಜಾತಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಾಡಿನ 6, 7ನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟು ಕೊಟ್ಟರು. ಜಾತಿ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿ ಮಕ್ಕಳ ನಡುವೆ ಗಮನಾರ್ಹ ಅಂತರವಿರಲಿಲ್ಲ. ಹೆಸರು, ಜಾತಿಗಳನ್ನು ಎಲ್ಲರೆದುರು ಓದಿದಾಗ ಕೆಳಜಾತಿಯ ಮಕ್ಕಳ ಸಾಧನೆ ಕುಸಿಯಿತು. ಬುದ್ಧಿ ಅದೇ, ಒಗಟು ಅದೇ. ಹಟ್ಟಿಯ ಹೆಸರು ಹೇಳಿದರೇ ಜಾತಿ ಗೊತ್ತಾಗುವ ಸೀಮೆಯಲ್ಲಿ ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಕೂಗಿ ಓದಬೇಕಾ, ಮಗುವನ್ನು ಕರೆದು ತೋರಿಸಿದರೆ ಸಾಕಾ? ಇದನ್ನು ಬದಲಿಸಲು ಬಜೆಟ್ಟೂ ಬೇಡ, ಸುತ್ತೋಲೆಯೂ ಬೇಡ.