ತಾಪಮಾಪಕ ನಿಂತಲ್ಲಿ: ಗುಪ್ತೋಷ್ಣದ ಅರಿವು ಬೆಳೆದ ಬಗೆ

ಪದಾರ್ಥವೊಂದು ಎಷ್ಟು ಬಿಸಿಯಾಗಿದೆ ಎಂಬುದನ್ನು ಸೂಚಿಸುವ ತಾಪವೂ ಅದನ್ನು ಆ ಮಟ್ಟಕ್ಕೆ ತರಲು ತಗಲುವ ಉಷ್ಣವೂ ಬೇರೆಬೇರೆ ಎಂಬುದು ಇಂದು ಶಾಲೆಯ ಪಾಠವಾಗಿದ್ದರೂ, ಆ ತಿಳಿವಳಿಕೆ ಖಚಿತ ರೂಪ ತಾಳಿದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಕನ್ನಡದ ‘ಬಿಸಿ’, ‘ಕಾವು’ ಎಂಬ ಮಾತುಗಳು ಎರಡನ್ನೂ ಒಟ್ಟಿಗೇ ಹೇಳುವಂತೆ, ಅಂದಿನ ಯುರೋಪಿನ ವಿದ್ವಾಂಸರ ಮಾತಿನಲ್ಲಿಯೂ ಅವು ಬೆರೆತೇ ಇದ್ದವು. ಫ್ಯಾರನ್‌ಹೀಟ್ 1724ರಲ್ಲಿ, ಸೆಲ್ಸಿಯಸ್ 1742ರಲ್ಲಿ ರೂಪಿಸಿದ ತಾಪದ ಅಳತೆಗೋಲುಗಳು ಅಳತೆಗೆ ನಿಖರತೆ ತಂದವಾದರೂ, ಪಾದರಸ ಏರಿದಷ್ಟೇ ಉಷ್ಣ ಸೇರಿತೆಂಬ ಭ್ರಮೆಯನ್ನು ಅವೇ ಗಟ್ಟಿಗೊಳಿಸಿದವು.

ಈ ಭ್ರಮೆಯನ್ನು ಒಡೆದವರು ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಜೋಸೆಫ್ ಬ್ಲ್ಯಾಕ್. ಕರಗುವ ಮಟ್ಟಕ್ಕೆ ಬಂದ ಮಂಜುಗಡ್ಡೆಗೆ ಇನ್ನು ತುಸುವೇ ಕಾವು ತಾಗಿದರೂ ಅದು ಪೂರ್ತಿ ನೀರಾಗುತ್ತದೆಂಬುದು ಅಂದಿನ ನಂಬಿಕೆ. ಅದು ನಿಜವಾಗಿದ್ದರೆ ವಸಂತದಲ್ಲಿ ಬೆಟ್ಟಗಳ ಹಿಮವೆಲ್ಲ ಒಮ್ಮೆಲೇ ಕರಗಿ ಪ್ರವಾಹವೇ ಏಳಬೇಕಿತ್ತೆಂದು ಅವರು ವಾದಿಸಿದರು. 1761ರ ಸುಮಾರಿಗೆ ಅವರು ಒಂದೇ ಬಗೆಯ ಎರಡು ಗಾಜಿನ ಬುರುಡೆಗಳಲ್ಲಿ ಸಮತೂಕದ ಮಂಜುಗಡ್ಡೆಯನ್ನೂ ಅದಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ತಾಪದ ನೀರನ್ನೂ ಇಟ್ಟು, 47 ಡಿಗ್ರಿ ಫ್ಯಾರನ್‌ಹೀಟ್ ತಾಪವಿದ್ದ ಕೋಣೆಯಲ್ಲಿ ಕಾದರು. ನೀರು ಅರ್ಧ ಗಂಟೆಯಲ್ಲಿ 7 ಡಿಗ್ರಿ ಏರಿ 40ಕ್ಕೆ ಬಂದರೆ, ಮಂಜುಗಡ್ಡೆ ಕರಗಿ ಅದೇ 40 ಡಿಗ್ರಿಯನ್ನು ತಲುಪಲು ಹತ್ತೂವರೆ ಗಂಟೆ, ಅಂದರೆ 21 ಅರ್ಧ ಗಂಟೆಗಳು ಹಿಡಿದವು. 21ನ್ನು 7ರಿಂದ ಗುಣಿಸಿದರೆ 147. ಕರಗಿದ ನೀರು ಕಾದ 8 ಡಿಗ್ರಿಯನ್ನು ಕಳೆದರೆ, ಉಳಿದ 139 ಡಿಗ್ರಿಗಳಿಗೆ ಸಾಕಾಗುವಷ್ಟು ಉಷ್ಣ ತಾಪಮಾಪಕವನ್ನು ಕದಲಿಸದೆಯೇ ಇಂಗಿತ್ತು. ಇದನ್ನೇ ಅವರು ಗುಪ್ತೋಷ್ಣವೆಂದು ಕರೆದರು. ಇಂದಿನ ಮೌಲ್ಯ ಸುಮಾರು 144 ಎಂಬುದನ್ನು ನೆನೆದರೆ, ಗಡಿಯಾರ ಮತ್ತು ತಾಳ್ಮೆಗಳನ್ನೇ ನೆಚ್ಚಿದ ಈ ಪ್ರಯೋಗದ ಹಿರಿಮೆ ಅರಿವಾಗುತ್ತದೆ. ಅವರು ಆರಿಸಿಕೊಂಡದ್ದು ನೀರಾದುದೂ ಒಳಿತೇ ಆಯಿತು. ಹಲವು ಕೊಬ್ಬುಗಳ ಮಿಶ್ರಣವಾದ ತುಪ್ಪ ಒಂದೇ ತಾಪದಲ್ಲಿ ಕರಗದೆ ಮೆಲ್ಲಮೆಲ್ಲನೆ ಮೆತ್ತಗಾಗುವುದರಿಂದ, ಪಾದರಸದ ಈ ನಿಲುಗಡೆ ಅದರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಬ್ಲ್ಯಾಕ್ ತಮ್ಮ ಈ ಶೋಧವನ್ನು ತಾವಾಗಿ ಅಚ್ಚಿಗೆ ಕೊಡಲಿಲ್ಲ. ಅವರ ಉಪನ್ಯಾಸಗಳು ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1803ರಲ್ಲಿ. ಅಷ್ಟರಲ್ಲಿ ಸ್ವೀಡನ್ನಿನ ವಿಲ್ಕೆ 1772ರಲ್ಲಿ ಸ್ವತಂತ್ರವಾಗಿಯೇ ಈ ತೀರ್ಮಾನಕ್ಕೆ ಬಂದಿದ್ದರು.

ಕುದಿತದಲ್ಲಿ ಗುಪ್ತೋಷ್ಣದ ಮೊತ್ತ ಇನ್ನೂ ದೊಡ್ಡದು. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 334 ಜೂಲ್ ಸಾಕಾದರೆ, ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಬೇಕು. ಇಡ್ಲಿ ಪಾತ್ರೆಯ ಹಬೆ ತಾಗಿದ ಕೈ ಕುದಿನೀರು ತಾಗಿದುದಕ್ಕಿಂತ ಹೆಚ್ಚು ಸುಡುವುದು, ಹಬೆ ನೀರಾಗುವಾಗ ಈ ಉಷ್ಣವನ್ನೆಲ್ಲ ಚರ್ಮಕ್ಕೆ ಒಪ್ಪಿಸುವುದರಿಂದ. ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲೇ ಉಪಕರಣ ತಯಾರಕರಾಗಿದ್ದ ಜೇಮ್ಸ್ ವಾಟ್, ತುಸುವೇ ಹಬೆ ಬಹಳಷ್ಟು ನೀರನ್ನು ಕುದಿಸಬಲ್ಲದೆಂದು ಕಂಡು ಬೆರಗಾಗಿ ಬ್ಲ್ಯಾಕ್ ಅವರಿಂದ ವಿವರಣೆ ಪಡೆದರು.

ಉಷ್ಣವೆಂದರೆ ತೂಕವಿಲ್ಲದ ಒಂದು ದ್ರವವೆಂಬ ಕಲ್ಪನೆ ಇದಾದ ಮೇಲೂ ಬಹುಕಾಲ ಬಾಳಿತು. ಆ ಕಲ್ಪನೆಗೆ ಹೊಂದದಂತೆ, ಫಿರಂಗಿ ಕೊರೆಯುವಾಗ ಉಷ್ಣ ಬರಿದಾಗದೆ ಹುಟ್ಟುತ್ತಲೇ ಇರುವುದನ್ನು 1798ರಲ್ಲಿ ರಮ್‌ಫೋರ್ಡ್ ವರದಿ ಮಾಡಿದರು. 1840ರ ದಶಕದಲ್ಲಿ ಜೂಲ್ ಕೆಲಸಕ್ಕೂ ಉಷ್ಣಕ್ಕೂ ಇರುವ ವಿನಿಮಯದ ಪ್ರಮಾಣವನ್ನು ಅಳೆದರು. ಆ ಬಳಿಕ ಗುಪ್ತೋಷ್ಣಕ್ಕೆ ಹೊಸ ಅರ್ಥ ಬಂತು: ಅದು ಅಡಗಿ ಕುಳಿತ ದ್ರವವಲ್ಲ, ಅಣುಗಳನ್ನು ಪರಸ್ಪರ ಸೆಳೆತದಿಂದ ಬಿಡಿಸಲು ವೆಚ್ಚವಾದ ಶಕ್ತಿ.

ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರೂಸ್ 1869ರಲ್ಲಿ ಈ ವಿಚಾರದ ಅಂಚನ್ನೇ ಮುಟ್ಟಿದರು. ಸುಮಾರು 31 ಡಿಗ್ರಿ ಸೆಲ್ಸಿಯಸ್ ಮೀರಿದ ಇಂಗಾಲದ ಡೈಆಕ್ಸೈಡನ್ನು ಎಷ್ಟು ಒತ್ತಿದರೂ ಅದು ದ್ರವವಾಗಿ ಬೇರ್ಪಡುವುದಿಲ್ಲವೆಂದು ತೋರಿಸಿ, ಆ ಮಿತಿಗೆ ಕ್ರಾಂತಿಕ ಬಿಂದುವೆಂಬ ಅರ್ಥದ ಹೆಸರಿಟ್ಟರು. ನೀರಿಗೆ ಆ ಮಿತಿ ಸುಮಾರು 374 ಡಿಗ್ರಿ. ಅದನ್ನು ಸಮೀಪಿಸಿದಂತೆ ಕುದಿತದ ಗುಪ್ತೋಷ್ಣ ಕುಗ್ಗುತ್ತ ಬಂದು, ಅಲ್ಲಿ ಸೊನ್ನೆಯಾಗುತ್ತದೆ.