ಸೊರಗದ ಹತ್ತಿ: ಧಾರವಾಡ ಸೀಮೆಯ ತಳಿಸಂಸ್ಕರಣದ ಒಂದು ಅಧ್ಯಾಯ

ಘಾಟ್ಕೋಪರಿನ ಕನ್ನಡಿಗನು ಕುರ್ಲೆಯಲ್ಲಿ ಗಾಡಿ ಬದಲಿಸಿ ಹಾರ್ಬರ್ ಮಾರ್ಗವನ್ನು ಹಿಡಿದು ದಕ್ಷಿಣಕ್ಕೆ ಹೊರಟರೆ ಕಾಟನ್ ಗ್ರೀನ್ ನಿಲ್ದಾಣವನ್ನು ದಾಟುತ್ತಾನೆ. ಮುಂಬಯಿಯ ಅರಳೆಪೇಟೆಯ ನೆನಪನ್ನು ಹೊತ್ತ ಈ ಹೆಸರಿನ ಹಿಂದೆ ಧಾರವಾಡ ಸೀಮೆಯ ಎರೆಹೊಲಗಳೂ ಇವೆ. ಅಲ್ಲಿಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಬರುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂಬ ಹೆಸರೇ ನಿಂತಿತು. ಬೆಳೆದ ನೆಲದ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿದದ್ದು ವ್ಯಾಪಾರದ ವಿನೋದ!

ಈ ಬೆಳೆಗೆ ದೊಡ್ಡ ಶತ್ರುವಾಗಿದ್ದುದು ಸೊರಗು ರೋಗ. ಫ್ಯುಸೇರಿಯಮ್ ಎಂಬ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿದ್ದು, ಬೇರನ್ನು ಹೊಕ್ಕು, ಗಿಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಗಿಡ ಬಾಡುತ್ತದೆ. ಕಾಂಡವನ್ನು ಸೀಳಿದರೆ ಒಳಗೆ ಕಂದುಗೆರೆ ಕಾಣುತ್ತದೆ. ಹೊಲದ ಮಣ್ಣನ್ನೆಲ್ಲ ಶುದ್ಧಿಗೊಳಿಸುವುದು ಒಕ್ಕಲಿಗನ ಕೈಮೀರಿದ ಮಾತು. ಮಣ್ಣನ್ನು ತಿದ್ದಲಾಗದಿದ್ದರೆ ಬೀಜವನ್ನಾದರೂ ತಿದ್ದಬೇಕು. ಅಮೆರಿಕದಲ್ಲಿ ಡಬ್ಲ್ಯೂ. ಎ. ಆರ್ಟನ್ ಎಂಬವರು ೧೮೯೯ರಿಂದ, ರೋಗ ತುಂಬಿದ ಹೊಲದಲ್ಲಿ ಬದುಕುಳಿದ ಗಿಡಗಳ ಬೀಜವನ್ನೇ ಆಯ್ದು ಬಿತ್ತಿ ಈ ದಾರಿಯನ್ನು ತೋರಿಸಿದ್ದರು.

ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯ ಸುಧಾರಣೆಯನ್ನು ಕೈಗೊಂಡು ೧೯೨೦ರಲ್ಲಿ ಆ ಬಗ್ಗೆ ಪ್ರಬಂಧವನ್ನು ಪ್ರಕಟಿಸಿದರು. ಮುಂದೆ ಕುಮಟಾದ ಆಯ್ದ ತಳಿಗಳ ಸಂಕರದಿಂದ ‘ಜಯವಂತ’ವೂ, ಅನಂತರ ‘ಜಯಧರ’ವೂ ರೋಗವನ್ನು ತಾಳಬಲ್ಲ ತಳಿಗಳಾಗಿ ಬಂದುವು. ಆದರೆ ಗಿಡ ಬದುಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ; ಅದರ ಅರಳೆಯನ್ನು ಗಿರಣಿಗಳು ಒಪ್ಪಬೇಕಲ್ಲ! ೧೯೨೧ರಲ್ಲಿ ಮುಂಬಯಿಯಲ್ಲಿ ನೆಲೆಗೊಂಡ ಭಾರತೀಯ ಕೇಂದ್ರ ಹತ್ತಿ ಸಮಿತಿಯು ೧೯೨೪ರಲ್ಲಿ ಮಾಟುಂಗದಲ್ಲಿ ತೆರೆದ ಪ್ರಯೋಗಾಲಯದ ನೂಲುವ ಪರೀಕ್ಷೆಗಳಿಗೆ ಇದ್ದ ಮಹತ್ವ ಇದೇ.

ರೋಗಪರೀಕ್ಷೆಯೂ ಸುಲಭದ್ದಾಗಿರಲಿಲ್ಲ. ಮಣ್ಣಿನ ಉಷ್ಣತೆ ಅನುಕೂಲವಿಲ್ಲದಿದ್ದರೆ ದುರ್ಬಲ ಗಿಡವೂ ರೋಗವನ್ನು ತಪ್ಪಿಸಿಕೊಂಡು ಬಲಿಷ್ಠವೆನಿಸುತ್ತದೆ. ಜಿ. ಎಸ್. ಕುಲಕರ್ಣಿಯವರು ಮುಂಬಯಿ ಪ್ರಾಂತದ ಸೊರಗು ರೋಗವನ್ನು ಕುರಿತು ೧೯೩೪ರಲ್ಲಿ ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದರು. ಪುಣೆಯಲ್ಲಿ ಬಿ. ಎನ್. ಉಪ್ಪಳರೂ ಅವರ ಸಂಗಡಿಗರೂ ಮಣ್ಣಿನ ಉಷ್ಣತೆಯನ್ನು ಹತೋಟಿಯಲ್ಲಿಟ್ಟು ತಳಿಗಳನ್ನು ಪರೀಕ್ಷಿಸಿದರು. ಹೊಲದ ಅದೃಷ್ಟವನ್ನು ನಂಬದ ಈ ಎಚ್ಚರವೇ ಈ ಅಧ್ಯಾಯದ ನಿಜವಾದ ಹಿರಿಮೆಯೆನ್ನಬೇಕು.

ಭಾರತದ ಸೊರಗು ಶಿಲೀಂಧ್ರವು ದೇಶೀ ಹತ್ತಿಯನ್ನು ಕೊಲ್ಲುವುದೇ ಹೊರತು ಅಮೆರಿಕನ್ ಜಾತಿಯನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ೧೯೭೨ರಲ್ಲಿ ಧಾರವಾಡದಲ್ಲಿಯೇ ಬಿ. ಎಚ್. ಕಟರಕಿಯವರು ಹೊರತಂದ ‘ವರಲಕ್ಷ್ಮಿ’ ಸಂಕರದ ಒಂದು ಪಾಲು ಆ ಜಾತಿಯದು. ಅಂಥ ತಳಿಗಳು ಹರಡಿದಂತೆ ದೇಶೀ ಹತ್ತಿಯ ಹೊಲಗಳು ಕಿರಿದಾದುವು. ಅದನ್ನು ಕಾಯಲು ಪಟ್ಟ ದುಡಿಮೆಯ ಫಲವಾದ ಜಯಧರ ಉತ್ತರ ಕರ್ನಾಟಕದ ಕೆಲವೇ ಎರೆಹೊಲಗಳಿಗೆ ಸರಿಯಿತು.